ಪಗಡೆ ಹಾಸಿನಿಂದ ಕುರುಕ್ಷೇತ್ರಕ್ಕೆ: ಕನ್ನಡದ ಭಾರತ ಕೃತಿಗಳ ಓದು ಎಲ್ಲಿಂದ ಆರಂಭವಾಗಬೇಕು?

ಚನ್ನರಾಯಪಟ್ಟಣ (ದೇವನಹಳ್ಳಿ ತಾಲ್ಲೂಕು): ಜಾತ್ರೆ ಮುಗಿದ ಮೇಲೆ ಊರ ಬಯಲಿನಲ್ಲಿ ಸೀನರಿ ಕಟ್ಟಿಸಿ, ಹಾರ್ಮೋನಿಯಂ ಮೇಷ್ಟರ ಶ್ರುತಿಗೆ ಕಾದು ಕುಳಿತು, ಬೆಳಗಿನ ಜಾವದವರೆಗೆ 'ಕುರುಕ್ಷೇತ್ರ' ನಾಟಕ ನೋಡುವುದು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ ಇದೇ ಸೀಮೆಗೆ ಸೇರಿದ್ದು. (ಹಾಸನ ಜಿಲ್ಲೆಯಲ್ಲಿ ಇದೇ ಹೆಸರಿನ ತಾಲ್ಲೂಕು ಕೇಂದ್ರವೊಂದಿದೆ, ಅದು ಬೇರೆ.) ಹಗಲು ಹೊಲದಲ್ಲಿ ದುಡಿದವರು ರಾತ್ರಿ ದುರ್ಯೋಧನನಾಗಿ ಕಿರೀಟ ತೊಡುತ್ತಾರೆ. ಪಾತ್ರ ವಹಿಸುವವರೇ ಕೈಯಿಂದ ಹಣ ಹಾಕಿ ಪಾತ್ರ ಪಡೆಯುವ ಪದ್ಧತಿ ಈ ಭಾಗದಲ್ಲಿದೆ. ಪ್ರೇಕ್ಷಕರಿಗೆ ಕಥೆ ಮೊದಲೇ ಗೊತ್ತು. ಹಾಡು, ಮಾತು, ಪಾತ್ರಧಾರಿಯ ಗತ್ತು ನೋಡಲು ಅವರು ಬರುತ್ತಾರೆ.

ನಗರದ ಓದುಗನ ಸ್ಥಿತಿ ಇದಕ್ಕೆ ವ್ಯತಿರಿಕ್ತ. ಕಥೆಯ ಸ್ಥೂಲ ಪರಿಚಯ ದೂರದರ್ಶನದ ಧಾರಾವಾಹಿಯಿಂದಲೋ ಚಿತ್ರಕಥೆಯ ಪುಸ್ತಕದಿಂದಲೋ ಬಂದಿರುತ್ತದೆ. ಕನ್ನಡದಲ್ಲಿ ಓದಬೇಕೆಂಬ ಆಸೆಯಿಂದ ಆತ ಪುಸ್ತಕದ ಅಂಗಡಿಗೆ ಹೋದರೆ ಪಂಪ, ರನ್ನ, ಕುಮಾರವ್ಯಾಸ, ಲಕ್ಷ್ಮೀಶ, ಎ.ಆರ್. ಕೃಷ್ಣಶಾಸ್ತ್ರಿ, ಎಸ್.ಎಲ್. ಭೈರಪ್ಪ ಎಲ್ಲರೂ ಒಂದೇ ಕಪಾಟಿನಲ್ಲಿ ಎದುರಾಗುತ್ತಾರೆ. ಸಾವಿರ ವರ್ಷಗಳಿಗೂ ಹೆಚ್ಚಿನ ಅವಧಿಯಲ್ಲಿ ಹಲವರು ಬರೆದ, ಒಂದೇ ಯುದ್ಧದ ಸುತ್ತ ಹರಡಿಕೊಂಡ ಈ ಕೃತಿರಾಶಿಯಲ್ಲಿ ಮೊದಲು ಯಾವುದನ್ನು ಕೈಗೆತ್ತಿಕೊಳ್ಳಬೇಕು? ತಪ್ಪು ಪುಸ್ತಕದಿಂದ ಆರಂಭಿಸಿದವರು ಹತ್ತಾರು ಪುಟಗಳಲ್ಲೇ ಓದು ನಿಲ್ಲಿಸಿ, ಹಳಗನ್ನಡ ತಮಗೆ ಹೇಳಿದ್ದಲ್ಲ ಎಂದು ಮತ್ತೆಂದೂ ಅತ್ತ ಸುಳಿಯದಿರುವ ಅಪಾಯವಿದೆ. ಅಂಥವರಿಗಾಗಿ ಈ ಮಾರ್ಗಸೂಚಿ.

ಆಟದಿಂದ ಹುಟ್ಟಿದ ಯುದ್ಧಲೋಕ

ಇಂಥ ಪ್ರಶ್ನೆ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ 1987ರಲ್ಲಿ 'ವಾರ್‌ಹ್ಯಾಮರ್ 40,000' ಎಂಬ ಮೇಜಿನ ಮೇಲಿನ ಯುದ್ಧದಾಟವನ್ನು ಹೊರತಂದಿತು. ಬಣ್ಣ ಬಳಿದ ಪುಟ್ಟ ಸೈನಿಕ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ ಕಾದಾಡುವ ಆಟವಿದು. ಆಟದ ಹಿನ್ನೆಲೆಯ ಕಥೆ ಬೆಳೆಯುತ್ತ ಹೋಗಿ, ಹಲವು ಲೇಖಕರು ಬರೆದ ನೂರಾರು ಕಾದಂಬರಿಗಳಾದವು. ಅದರಲ್ಲಿ 'ಹೋರಸ್ ಹೆರೆಸಿ' ಎಂಬ ಒಂದು ಮಾಲೆಯೇ 2006ರಲ್ಲಿ ಆರಂಭವಾಗಿ 50ಕ್ಕೂ ಹೆಚ್ಚು ಸಂಪುಟಗಳಿಗೆ ಬೆಳೆಯಿತು. ಹೊಸ ಓದುಗರು ಎಲ್ಲಿಂದ ಆರಂಭಿಸಬೇಕೆಂದು ಕೇಳಿದಾಗ ಅನುಭವಿ ಓದುಗರು ಈ ಮಹಾಯುದ್ಧದ ಮಾಲೆಯನ್ನು ಸಾಮಾನ್ಯವಾಗಿ ಮೊದಲಿಗೆ ಹೇಳುವುದಿಲ್ಲ. ಡ್ಯಾನ್ ಅಬ್ನೆಟ್ 2001ರಿಂದ ಬರೆದ 'ಐಸನ್‌ಹಾರ್ನ್' ಎಂಬ ಮೂರು ಕಾದಂಬರಿಗಳನ್ನು ಸೂಚಿಸುವವರು ಅನೇಕರು. ಅದರಲ್ಲಿ ರಣರಂಗಕ್ಕಿಂತ ಒಬ್ಬ ತನಿಖಾಧಿಕಾರಿಯ ಕಥೆ ಮುಖ್ಯ. ಒಬ್ಬ ಮನುಷ್ಯನ ಜೊತೆ ನಡೆದು ಆ ಲೋಕದ ಪರಿಚಯ ಮಾಡಿಕೊಂಡರೆ ಯುದ್ಧ ತಾನಾಗಿ ಅರ್ಥವಾಗುತ್ತದೆ ಎಂಬುದು ಈ ಸಲಹೆಯ ತಿರುಳು.

ಇಂಥ ಆಟಗಳ ಮೂಲ ಹುಡುಕುತ್ತ ಹೋದರೆ ದಾರಿ ಭಾರತಕ್ಕೇ ಮರಳುತ್ತದೆ. ಆನೆ, ಕುದುರೆ, ರಥ, ಕಾಲಾಳುಗಳ ಚತುರಂಗ ಬಲವನ್ನು ಹಾಸಿನ ಮೇಲಿಟ್ಟ ಚದುರಂಗ ಪಶ್ಚಿಮಕ್ಕೆ ಹೋಯಿತು. 18ನೇ ಶತಮಾನದ ಕೊನೆಯಲ್ಲಿ ಜರ್ಮನ್ ನಾಡಿನಲ್ಲಿ ಅದನ್ನೇ ಹಿಗ್ಗಿಸಿ ಯುದ್ಧದಾಟಗಳನ್ನು ರೂಪಿಸಲಾಯಿತು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ಅಧಿಕಾರಿಗಳ ತರಬೇತಿಗೆಂದು ಸಿದ್ಧಪಡಿಸಿದ ಆಟ ಇಂದಿನ ಮೇಜಿನ ಯುದ್ಧದಾಟಗಳಿಗೆ ಮೇಲ್ಪಂಕ್ತಿಯಾಯಿತು.

ಹಾಸು ಮತ್ತು ದಾಳದಿಂದ ಹುಟ್ಟಿದ ಯುದ್ಧಕಥನ ಕನ್ನಡಿಗನಿಗೆ ಅಪರಿಚಿತವಲ್ಲ. ಕುರುಕ್ಷೇತ್ರದ ಹದಿನೆಂಟು ದಿನಗಳ ಯುದ್ಧಕ್ಕೆ ಹಸ್ತಿನಾವತಿಯ ಸಭೆಯಲ್ಲಿ ನಡೆದ ಜೂಜೇ ನೇರ ಕಾರಣ. ಜನಮನದಲ್ಲಿ ಅದು ಶಕುನಿಯ ಪಗಡೆಯಾಗಿ ನೆಲೆಸಿದೆ. ಹಲವು ಕೈಗಳು ಬೆಳೆಸಿದ ಒಂದೇ ಯುದ್ಧಲೋಕಕ್ಕೆ ಕನ್ನಡದಲ್ಲಿ ನಿದರ್ಶನ ಬೇಕಾದರೆ ಅದು ಭಾರತ. ಅಲ್ಲಿನ ಸಲಹೆ ಇಲ್ಲಿಗೂ ಒಪ್ಪುತ್ತದೆ: ಮೊದಲ ಪುಟದಿಂದಲೇ ಆರಂಭಿಸಬೇಕೆಂಬ ಹಟ ಬೇಡ.

ಓದು ನಿಲ್ಲುವುದು ಎಲ್ಲಿ?

ವ್ಯಾಸಭಾರತಕ್ಕೆ ಹದಿನೆಂಟು ಪರ್ವಗಳು. ಗ್ರಂಥ ಒಂದು ಲಕ್ಷ ಎಂಬುದು ಸಾಂಪ್ರದಾಯಿಕ ಎಣಿಕೆ. ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ 1919ರಲ್ಲಿ ಕೈಗೊಂಡ ಇದರ ಪರಿಷ್ಕೃತ ಆವೃತ್ತಿಯ ಕಾರ್ಯ ಮುಗಿದದ್ದು 1966ರಲ್ಲಿ. ಸಂಪಾದಿಸುವುದಕ್ಕೇ ಅರ್ಧ ಶತಮಾನದ ಸಮೀಪ ಹಿಡಿಸಿದ ಗ್ರಂಥವನ್ನು ಮೊದಲ ಪುಟದಿಂದ ಓದಹೊರಟವರು ಎಡವುವುದು ಆದಿಪರ್ವದಲ್ಲಿ. ನೈಮಿಷಾರಣ್ಯದ ಋಷಿಗಳು, ಜನಮೇಜಯನ ಸರ್ಪಯಾಗ, ಉದಂಕನ ಕಥೆ, ಕದ್ರು-ವಿನತೆಯರ ಪಂದ್ಯ, ಗರುಡನ ಜನನ, ವಂಶಾವಳಿಗಳು ಇವೆಲ್ಲ ಮುಗಿದು ಪಾಂಡವರು ಹುಟ್ಟುವ ಹೊತ್ತಿಗೆ ಓದುಗನ ತಾಳ್ಮೆ ಮುಗಿದಿರುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ ಕನ್ನಡದ ಕವಿಗಳು, ಕಾದಂಬರಿಕಾರರು ಎಲ್ಲರೂ ಈ ಹೆಬ್ಬಾಗಿಲಿನಿಂದಲೇ ಒಳಹೊಕ್ಕವರಲ್ಲ. ರನ್ನ ಯುದ್ಧದ ಕೊನೆಯ ಘಟ್ಟದಿಂದ ಆರಂಭಿಸಿದ. ಲಕ್ಷ್ಮೀಶ ಯುದ್ಧ ಮುಗಿದ ನಂತರದ ಕಥೆಯನ್ನು ಎತ್ತಿಕೊಂಡ. ಭೈರಪ್ಪ ಯುದ್ಧದ ಮುನ್ನಾದಿನಗಳಲ್ಲಿ ನಿಂತು ಹಿಂದಕ್ಕೆ ನೋಡಿದರು. ಬರೆದವರಿಗೇ ಇದ್ದ ಈ ಸ್ವಾತಂತ್ರ್ಯ ಓದುವವನಿಗೂ ಇದೆ.

ಮೊದಲ ಮೆಟ್ಟಿಲು: 'ವಚನ ಭಾರತ'

ಕಥೆಯ ಹಂದರ ಅಷ್ಟಾಗಿ ತಿಳಿಯದವರಿಗೆ ನಿರಪಾಯವಾದ ಮೊದಲ ಪುಸ್ತಕ ಎ.ಆರ್. ಕೃಷ್ಣಶಾಸ್ತ್ರಿಗಳ 'ವಚನ ಭಾರತ'. 1950ರಲ್ಲಿ ಪ್ರಕಟವಾದ ಈ ಗದ್ಯಕೃತಿ ವ್ಯಾಸಭಾರತದ ಸಂಗ್ರಹ. 'ಪ್ರಬುದ್ಧ ಕರ್ಣಾಟಕ' ಪತ್ರಿಕೆಯನ್ನು ಆರಂಭಿಸಿ ಹೊಸ ತಲೆಮಾರಿನ ಲೇಖಕರನ್ನು ಬೆಳೆಸಿದ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಆದರೂ ಇಲ್ಲಿನ ಭಾಷೆ ಪಂಡಿತರ ಭಾಷೆಯಲ್ಲ. ವಾಕ್ಯಗಳು ಸರಳ, ಕಥೆಯ ಓಟ ನೇರ. ಉಪಾಖ್ಯಾನಗಳನ್ನು ಹಿತಮಿತವಾಗಿ ಇರಿಸಿಕೊಂಡು ಮುಖ್ಯ ಕಥೆಯ ಎಳೆ ತಪ್ಪದಂತೆ ನೋಡಿಕೊಳ್ಳಲಾಗಿದೆ.

ಇದನ್ನು ಓದುವಾಗಲೂ ಒಂದು ಉಪಾಯವಿದೆ. ಸಭಾಪರ್ವದ ದ್ಯೂತಪ್ರಸಂಗವನ್ನು ಮೊದಲು ಓದಿ, ಆಮೇಲೆ ಹಿಂದಿನ ಭಾಗಕ್ಕೆ ಹೋಗುವುದು. ಧರ್ಮರಾಯ ರಾಜ್ಯ, ತಮ್ಮಂದಿರು, ತಾನು ಎಂದು ಒಂದೊಂದಾಗಿ ಒಡ್ಡಿ ಸೋತು, ಕೊನೆಗೆ ದ್ರೌಪದಿಯನ್ನು ಒಡ್ಡುತ್ತಾನೆ. ತನ್ನನ್ನೇ ಸೋತವನಿಗೆ ತನ್ನನ್ನು ಒಡ್ಡುವ ಅಧಿಕಾರ ಎಲ್ಲಿಂದ ಬಂತೆಂದು ಆಕೆ ತುಂಬಿದ ಸಭೆಯನ್ನು ಕೇಳುತ್ತಾಳೆ. ಭೀಷ್ಮನಿಂದಲೂ ಅದಕ್ಕೆ ನೇರ ಉತ್ತರ ಬರುವುದಿಲ್ಲ. ಈ ಪ್ರಶ್ನೆ ಮನಸ್ಸಿಗೆ ನಾಟಿದ ಓದುಗ ಇದಕ್ಕೆ ಮೊದಲು ಏನಾಯಿತು, ಮುಂದೆ ಏನಾಗುತ್ತದೆ ಎಂಬ ಎರಡು ಕುತೂಹಲಗಳಿಂದಲೂ ಪುಸ್ತಕ ಮುಗಿಸುತ್ತಾನೆ.

ಎರಡನೆಯದು: ಕುಮಾರವ್ಯಾಸನ ವಿರಾಟಪರ್ವ

ಕಥೆ ತಿಳಿದ ಮೇಲೆ ಕಾವ್ಯಕ್ಕೆ ಹೋಗಬಹುದು. ಕಾಲದ ಕ್ರಮ ಹಿಡಿದು 10ನೇ ಶತಮಾನದ ಪಂಪನಿಂದ ಹೊರಡುವುದಕ್ಕಿಂತ 15ನೇ ಶತಮಾನದ ಕುಮಾರವ್ಯಾಸನಿಂದ ಹೊರಡುವುದು ಸುಲಭ. ಇಂದಿನ ಧಾರವಾಡ ಜಿಲ್ಲೆಯ ಕೋಳಿವಾಡದವನೆಂದು ಹೇಳಲಾಗುವ ನಾರಣಪ್ಪ, ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ರಚಿಸಿದನೆಂದು ಪ್ರತೀತಿ ಇರುವ 'ಕರ್ಣಾಟ ಭಾರತ ಕಥಾಮಂಜರಿ' ನಡುಗನ್ನಡದ ಕಾವ್ಯ. ಭಾಮಿನಿ ಷಟ್ಪದಿಯಲ್ಲಿರುವ ಇದರ ಪದ್ಯಗಳ ಸಂಖ್ಯೆ ಎಂಟು ಸಾವಿರಕ್ಕೂ ಹೆಚ್ಚು. ಕವಿ ಗದಾಪರ್ವದವರೆಗಿನ ಹತ್ತು ಪರ್ವಗಳನ್ನು ಮಾತ್ರ ಬರೆದ. ಉಳಿದ ಭಾಗವನ್ನು ವಿಜಯನಗರದ ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣಕವಿ ಪೂರ್ಣಗೊಳಿಸಿದ. ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ಜನಪ್ರಿಯ ಆವೃತ್ತಿಯಿಂದ ಈ ಕಾವ್ಯ ಸಾಮಾನ್ಯರ ಮನೆಗಳನ್ನೂ ತಲುಪಿತು. ಕನ್ನಡ ವಿಕಿಸೋರ್ಸ್‌ನಲ್ಲಿ ಇದರ ಪಠ್ಯ ಉಚಿತವಾಗಿ ದೊರೆಯುತ್ತದೆ.

ಇಲ್ಲಿಯೂ ಆದಿಪರ್ವ ಬೇಡ, ವಿರಾಟಪರ್ವದಿಂದ ಆರಂಭಿಸುವುದು ಲೇಸು. ಮಳೆ ಕೈಕೊಟ್ಟಾಗ ಊರಿನಲ್ಲಿ ವಿರಾಟಪರ್ವ ಓದಿಸುವ ನಂಬಿಕೆ ಕರ್ನಾಟಕದ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದೆ. ಹಾಗಾಗಿ ಇದು ಬಿಡಿಯಾಗಿ ಓದಿಸಿಕೊಂಡು ಬಂದ ಪರ್ವ. ಕಥೆಯೂ ಸ್ವಯಂಪೂರ್ಣ. ಪಾಂಡವರು ಅಜ್ಞಾತವಾಸದಲ್ಲಿ ಅಡುಗೆಯವನಾಗಿ, ನಾಟ್ಯ ಕಲಿಸುವವನಾಗಿ, ಕುದುರೆ ಪಾಲಕನಾಗಿ ವಿರಾಟನ ಊರಿನಲ್ಲಿ ದುಡಿಯುತ್ತಾರೆ. ಕೀಚಕನ ವಧೆಯಲ್ಲಿ ರೌದ್ರವಿದೆ. ಅಂತಃಪುರದಲ್ಲಿ ಪೌರುಷದ ಮಾತಾಡಿ ರಣರಂಗ ಕಂಡೊಡನೆ ರಥದಿಂದ ಹಾರಿ ಓಡುವ ಉತ್ತರಕುಮಾರನಲ್ಲಿ ನಗೆಯಿದೆ. ಶಾಲೆಯಲ್ಲಿ ಈ ಪ್ರಸಂಗವನ್ನು ಪಾಠವಾಗಿ ಓದಿದವರಿಗೆ ಅರ್ಧ ದಾರಿ ಆಗಲೇ ಸವೆದಂತೆ.

ಪಗಡೆ ಇಲ್ಲಿಯೂ ಇದೆ. ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಧರ್ಮರಾಯ, ಕಂಕಭಟ್ಟನ ವೇಷದಲ್ಲಿ ವಿರಾಟರಾಯನಿಗೆ ಅದೇ ಆಟದಲ್ಲಿ ಜೊತೆಗಾರ. ಮಗ ಕೌರವರನ್ನು ಗೆದ್ದನೆಂದು ಬೀಗುವ ರಾಜನೆದುರು ಆ ಗೆಲುವು ಬೃಹನ್ನಳೆಯದೆಂದು ಕಂಕ ಹೇಳಿದಾಗ, ಕೆರಳಿದ ರಾಜ ದಾಳದಿಂದಲೇ ಆತನ ಮುಖಕ್ಕೆ ಹೊಡೆಯುತ್ತಾನೆ, ರಕ್ತ ಸುರಿಯುತ್ತದೆ. ಸಭಾಪರ್ವದ ಆಟವನ್ನು ಓದಿ ಬಂದವರಿಗೆ ಈ ಚಿಕ್ಕ ಘಟನೆಯ ಭಾರ ಹೇಳಿಕೊಡಬೇಕಾಗಿಲ್ಲ.

ಓದಿದರೆ ಅರ್ಥವಾಗದ ಕುಮಾರವ್ಯಾಸ ಕೇಳಿದರೆ ಅರ್ಥವಾಗುತ್ತಾನೆ ಎಂಬ ಮಾತಿನಲ್ಲಿ ಸತ್ಯಾಂಶವಿದೆ. ಒಬ್ಬರು ರಾಗವಾಗಿ ವಾಚಿಸಿ, ಇನ್ನೊಬ್ಬರು ವ್ಯಾಖ್ಯಾನ ಮಾಡುವ ಗಮಕ ಕಲೆ ಈ ಕಾವ್ಯವನ್ನು ಶತಮಾನಗಳ ಕಾಲ ಬದುಕಿಸಿದೆ. ಶಿವಮೊಗ್ಗ ಸಮೀಪದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಒಂದು ಸಂಧಿಯ ಗಮಕ ವಾಚನವನ್ನು ಕೇಳಿ, ನಂತರ ಅದೇ ಸಂಧಿಯನ್ನು ಗಟ್ಟಿಯಾಗಿ ಓದಿಕೊಂಡರೆ ಷಟ್ಪದಿಯ ನಡಿಗೆ ಕಿವಿಗೆ ಹಿಡಿಯುತ್ತದೆ. ಪ್ರತಿ ಪದಕ್ಕೂ ನಿಘಂಟು ತೆರೆಯುವ ಅಗತ್ಯ ಕ್ರಮೇಣ ಕಡಿಮೆಯಾಗುತ್ತದೆ.

ಐದು ಊರುಗಳ ಕಥೆ

ವಿರಾಟಪರ್ವದ ಬೆನ್ನಿಗೇ ಉದ್ಯೋಗಪರ್ವ. ಹಳ್ಳಿಯ 'ಕುರುಕ್ಷೇತ್ರ' ನಾಟಕಗಳಲ್ಲಿ ಜನ ಕಾದು ನೋಡುವ ಕೃಷ್ಣಸಂಧಾನ ಈ ಪರ್ವದ್ದೇ. ಅರ್ಧ ರಾಜ್ಯ ಕೊಡಲು ಮನಸ್ಸಿಲ್ಲದಿದ್ದರೆ ಐವರಿಗೆ ಐದು ಊರುಗಳನ್ನಾದರೂ ಕೊಡು ಎಂದು ಕೃಷ್ಣ ಕೇಳುತ್ತಾನೆ. ಸೂಜಿಯ ಮೊನೆಯಷ್ಟು ನೆಲವನ್ನೂ ಬಿಡುವುದಿಲ್ಲವೆಂದು ದುರ್ಯೋಧನ ಹೇಳುತ್ತಾನೆ. ಯುದ್ಧ ನಿಶ್ಚಯವಾಗುವುದು ಅಲ್ಲಿ.

ನೆಲಕ್ಕಾಗಿ ನಡೆಯುವ ಮಾತುಕತೆ ಎಂಥದೆಂಬುದು ಚನ್ನರಾಯಪಟ್ಟಣ ಹೋಬಳಿಗೆ ಪುಸ್ತಕದಿಂದ ತಿಳಿಯಬೇಕಾದ ವಿಷಯವಲ್ಲ. ಕೈಗಾರಿಕಾ ಉದ್ದೇಶಕ್ಕೆಂದು ಇಲ್ಲಿನ 13 ಗ್ರಾಮಗಳ 1,777 ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವದ ವಿರುದ್ಧ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಆರಂಭಿಸಿದರು. ಮೂರು ವರ್ಷಗಳಿಗೂ ಹೆಚ್ಚು ಕಾಲ ನಡೆದ ಹೋರಾಟದ ಬಳಿಕ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಪ್ರಕ್ರಿಯೆ ಕೈಬಿಡುವುದಾಗಿ ಪ್ರಕಟಿಸಿದರು. ಪುರಾಣದ ಅರಸರ ದಾಯಾದಿ ಕಲಹವೂ ಇಂದಿನ ರೈತರ ಹೋರಾಟವೂ ಒಂದೇ ಅಲ್ಲ. ಆದರೆ ಐದು ಊರು ಎಂಬ ಮಾತು ಉದ್ಯೋಗಪರ್ವದಲ್ಲಿ ಏಕೆ ಅಷ್ಟು ತೂಕದ್ದು, ನೆಲದ ಅಳತೆಯನ್ನು ಹಿಡಿದು ಒಂದು ಸಭೆ ಹೇಗೆ ಒಡೆಯುತ್ತದೆ ಎಂಬುದನ್ನು ಇಂಥ ಸೀಮೆಯವರು ಬೇಗ ಗ್ರಹಿಸುತ್ತಾರೆ. ನಗರದ ಓದುಗನೂ ಈ ಪರ್ವವನ್ನು ದೇವರ ಕಥೆಯಾಗಿ ಮಾತ್ರವಲ್ಲದೆ, ಮುರಿದುಬಿದ್ದ ಒಂದು ಸಂಧಾನದ ವರದಿಯಾಗಿಯೂ ಓದಬಹುದು. ವಿದುರ, ಗಾಂಧಾರಿ, ಭೀಷ್ಮ, ದ್ರೋಣ ಒಬ್ಬೊಬ್ಬರೂ ಏನು ಹೇಳಿದರು, ಯಾವ ಹಂತದಲ್ಲಿ ಸುಮ್ಮನಾದರು ಎಂಬುದನ್ನು ಗುರುತಿಸುತ್ತ ಹೋದರೆ ಓದು ಬೇರೆಯೇ ಆಗುತ್ತದೆ.

ಮೂರನೆಯದು: ರನ್ನನ 'ಗದಾಯುದ್ಧ'

ಹಳಗನ್ನಡಕ್ಕೆ ಕಾಲಿಡುವವರಿಗೆ ರನ್ನ ತಕ್ಕ ಆರಂಭ. ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರ ಮನೆತನದಲ್ಲಿ 949ರಲ್ಲಿ ಹುಟ್ಟಿದ ಈ ಕವಿ ಚಾಲುಕ್ಯ ಅರಸರ ಆಶ್ರಯ ಪಡೆದ. 'ಸಾಹಸಭೀಮವಿಜಯ' ಎಂಬ ಇನ್ನೊಂದು ಹೆಸರುಳ್ಳ 'ಗದಾಯುದ್ಧ'ದಲ್ಲಿ ಹತ್ತು ಆಶ್ವಾಸಗಳಿವೆ. ಭೀಮನಲ್ಲಿ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಕವಿ ಕಂಡಿದ್ದಾನೆ.

ಭೀಮ-ದುರ್ಯೋಧನರ ಗದಾಯುದ್ಧದ ಸುತ್ತ ಕಟ್ಟಿದ ಈ ಕಾವ್ಯ ಹಿಂದಿನ ಭಾರತವನ್ನೆಲ್ಲ ಪಾತ್ರಗಳ ಮಾತಿನಲ್ಲೇ ಹಿಂತಿರುಗಿ ನೋಡುತ್ತದೆ. ಸಿಂಹ ನಡೆಯುತ್ತ ಹಿಂದಿರುಗಿ ನೋಡುವಂತೆ ಎಂಬ ಅರ್ಥದಲ್ಲಿ ಇದನ್ನು ಸಿಂಹಾವಲೋಕನ ಕ್ರಮವೆಂದು ಕರೆಯಲಾಗುತ್ತದೆ. ತಮ್ಮಂದಿರು, ಮಿತ್ರರು, ಮಕ್ಕಳು ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ಹೆಣಗಳ ನಡುವೆ ನಡೆದು ವೈಶಂಪಾಯನ ಸರೋವರದತ್ತ ಸಾಗುವ ಭಾಗ ಇದರ ಹೃದಯ. ದ್ರೋಣ, ದುಶ್ಶಾಸನ, ಕರ್ಣ ಒಬ್ಬೊಬ್ಬರ ದೇಹದ ಮುಂದೆಯೂ ಆತ ನಿಲ್ಲುತ್ತಾನೆ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಪರಾಕ್ರಮವನ್ನೂ ಮನಸಾರೆ ಹೊಗಳುತ್ತಾನೆ. ಖಳನಾಯಕನೆಂದೇ ತಿಳಿದಿದ್ದವನ ಬಗ್ಗೆ ಓದುಗನ ಮನಸ್ಸು ಇಲ್ಲಿ ಕರಗುತ್ತದೆ.

ಇಡೀ ಕಾವ್ಯ ಒಮ್ಮೆಗೇ ಕಷ್ಟವೆನಿಸಿದರೆ ಬಿ.ಎಂ. ಶ್ರೀಕಂಠಯ್ಯನವರ 'ಗದಾಯುದ್ಧ ನಾಟಕಂ' ನೆರವಿಗೆ ಬರುತ್ತದೆ. 1926ರಲ್ಲಿ ಪ್ರಕಟವಾದ ಈ ಕೃತಿಯಲ್ಲಿ ರನ್ನನ ಕಾವ್ಯವನ್ನೇ ನಾಟಕವಾಗಿ ಜೋಡಿಸಲಾಗಿದ್ದು, ಯಾರು ಯಾರಿಗೆ ಹೇಳುತ್ತಿದ್ದಾರೆಂಬುದು ಸ್ಪಷ್ಟವಾಗುವುದರಿಂದ ಅರ್ಧ ತೊಡಕು ನೀಗುತ್ತದೆ. 2019ರಲ್ಲಿ ತೆರೆಕಂಡ 'ಕುರುಕ್ಷೇತ್ರ' ಚಲನಚಿತ್ರವೂ ದುರ್ಯೋಧನನನ್ನೇ ಕೇಂದ್ರದಲ್ಲಿ ಇರಿಸಿತ್ತು. ಅದನ್ನು ನೋಡಿ ಬಂದ ಯುವಕರಿಗೆ ರನ್ನನ ಹೆಸರು ಹೇಳಲು ಅದೊಂದು ನೆಪವಾದೀತು.

ಪಂಪನಿಗೆ ಸ್ವಲ್ಪ ತಾಳ್ಮೆ

ಆದಿಕವಿ ಪಂಪನ 'ವಿಕ್ರಮಾರ್ಜುನ ವಿಜಯ' ರಚನೆಯಾದದ್ದು 941ರ ಸುಮಾರಿನಲ್ಲಿ. ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡದ ಚಾಲುಕ್ಯ ಅರಸ ಇಮ್ಮಡಿ ಅರಿಕೇಸರಿ ಆತನ ಆಶ್ರಯದಾತ. ಅರಿಕೇಸರಿಯನ್ನೇ ಅರ್ಜುನನೊಂದಿಗೆ ಸಮೀಕರಿಸಿ ಹದಿನಾಲ್ಕು ಆಶ್ವಾಸಗಳಲ್ಲಿ ಸಮಗ್ರ ಕಥೆಯನ್ನು ಪಂಪ ಹೇಳಿದ್ದಾನೆ. ಶ್ರೇಷ್ಠತೆಯ ದೃಷ್ಟಿಯಿಂದ ಮೊದಲ ಸಾಲಿನಲ್ಲಿ ನಿಲ್ಲುವ ಈ ಕಾವ್ಯವನ್ನು ಓದಿನ ಸರದಿಯಲ್ಲಿ ನಾಲ್ಕನೆಯದಾಗಿ ಇಡುವುದಕ್ಕೆ ಕಾರಣ ಅದರ ಭಾಷೆ. ಹಳಗನ್ನಡದ ಚಂಪೂ ಶೈಲಿಗೆ ಕಿವಿ ಪಳಗಿರದಿದ್ದರೆ ಮೊದಲ ಆಶ್ವಾಸದಲ್ಲೇ ದಣಿವಾಗುತ್ತದೆ.

ಪಂಪನಲ್ಲಿಯೂ ಒಂದು ಆಟವಿದೆ. ದುರ್ಯೋಧನನ ಪತ್ನಿ ಭಾನುಮತಿ ನೆತ್ತವಾಡಿ ಸೋತ ಸಂದರ್ಭದಲ್ಲಿ ಮುತ್ತಿನ ಹಾರ ಹರಿಯುತ್ತದೆ. ದುರ್ಯೋಧನ ಸಂಶಯ ಪಡದೆ ಕರ್ಣನ ಮೇಲೆ ವಿಶ್ವಾಸ ತೋರುತ್ತಾನೆ. ಕೃಷ್ಣ ತನ್ನ ಜನ್ಮರಹಸ್ಯ ತಿಳಿಸಿ ಪಾಂಡವರತ್ತ ಕರೆದಾಗ ಕರ್ಣ ನೆನೆಯುವುದು ಈ ಘಟನೆಯನ್ನು. ಆಟವಾಡಿದವರು ಯಾರು ಯಾರು ಎಂಬ ಬಗ್ಗೆ ವಿದ್ವಾಂಸರಲ್ಲಿ ದೀರ್ಘ ಚರ್ಚೆಯೇ ನಡೆದಿದೆ. ಒಂದು ಆಟ ದಾಯಾದಿಗಳನ್ನು ಯುದ್ಧಕ್ಕೆ ತಳ್ಳಿದರೆ ಇನ್ನೊಂದು ಆಟ ಒಬ್ಬನನ್ನು ಸಾಯುವವರೆಗೆ ಗೆಳೆಯನ ಪಕ್ಷದಲ್ಲಿ ನಿಲ್ಲಿಸಿತು. ಪಂಪಭಾರತಕ್ಕೆ ಪ್ರವೇಶ ಬಯಸುವವರು ಈ ಕರ್ಣಪ್ರಸಂಗದಿಂದ ಆರಂಭಿಸುವುದು ಒಳಿತು. ಡಿ.ಎಲ್. ನರಸಿಂಹಾಚಾರ್ಯರ 'ಪಂಪಭಾರತ ದೀಪಿಕೆ' ಮತ್ತು ಎನ್. ಅನಂತರಂಗಾಚಾರ್ ಅವರ ಗದ್ಯಾನುವಾದ ಬಳಿಯಲ್ಲಿದ್ದರೆ ಗುರುವಿಲ್ಲದೆಯೂ ಓದು ಸಾಗುತ್ತದೆ.

ಕಾದಂಬರಿಯೇ ಬೇಕೆನ್ನುವವರಿಗೆ 'ಪರ್ವ'

ಕಾವ್ಯದ ಗೊಡವೆ ಬೇಡ, ಕಾದಂಬರಿ ಓದುವ ಅಭ್ಯಾಸವಿದೆ ಎನ್ನುವವರಿಗೆ ಎಸ್.ಎಲ್. ಭೈರಪ್ಪನವರ 'ಪರ್ವ' ಇದೆ. 1979ರಲ್ಲಿ ಪ್ರಕಟವಾದ ಈ ಬೃಹತ್ ಕಾದಂಬರಿ ವರ, ಶಾಪ, ಪವಾಡಗಳನ್ನು ತೆಗೆದಿಟ್ಟು ಭಾರತವನ್ನು ಮನುಷ್ಯರ ಕಥೆಯಾಗಿ ನೋಡುತ್ತದೆ. ಮದ್ರದೇಶದ ವೃದ್ಧ ರಾಜ ಶಲ್ಯನ ಮನೆಯಿಂದ ಆರಂಭವಾಗಿ, ಕುಂತಿ, ದ್ರೌಪದಿ, ಭೀಮ, ಅರ್ಜುನ ಮುಂತಾದವರ ನೆನಪುಗಳಲ್ಲಿ ಕಥೆ ಬಿಚ್ಚಿಕೊಳ್ಳುತ್ತದೆ. ನಿಯೋಗ ಪದ್ಧತಿ, ಬಹುಪತಿತ್ವ, ಸೈನ್ಯಕ್ಕೆ ಆಹಾರ ಒದಗಿಸುವ ಕಷ್ಟ, ಯುದ್ಧಭೂಮಿಯ ಹೇಸಿಗೆ, ವಿಧವೆಯರ ಪಾಡು ಎಲ್ಲವೂ ಇಲ್ಲಿ ಬರುತ್ತವೆ. 2021ರಲ್ಲಿ ಮೈಸೂರಿನ ರಂಗಾಯಣ ಪ್ರಕಾಶ್ ಬೆಳವಾಡಿ ಅವರ ನಿರ್ದೇಶನದಲ್ಲಿ ಇದನ್ನು ಸುಮಾರು ಎಂಟು ಗಂಟೆಗಳ ನಾಟಕವಾಗಿ ರಂಗಕ್ಕೆ ತಂದಿತು. ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ನಿಧನರಾದರು.

'ಪರ್ವ'ವನ್ನೇ ಮೊದಲ ಪುಸ್ತಕವಾಗಿ ಓದಬಹುದೇ ಎಂಬುದು ಪದೇಪದೇ ಕೇಳಿಬರುವ ಪ್ರಶ್ನೆ. ಓದಬಹುದು, ಆದರೆ ಕಥೆಯ ಹಂದರ ಗೊತ್ತಿರಬೇಕು. ಲೇಖಕರು ಯಾವುದನ್ನು ಬಿಟ್ಟರು, ಯಾವುದನ್ನು ಬದಲಿಸಿದರು ಎಂಬುದು ತಿಳಿದಾಗಲೇ ಕಾದಂಬರಿಯ ವಾದ ಓದುಗನಿಗೆ ಕೇಳಿಸುತ್ತದೆ. 'ವಚನ ಭಾರತ' ಮುಗಿಸಿ 'ಪರ್ವ'ಕ್ಕೆ ಬಂದರೆ ಆ ಕೊರತೆಯಿರುವುದಿಲ್ಲ.

ಪಕ್ಕದ ಬಾಗಿಲುಗಳು

ದೀರ್ಘ ಓದಿಗೆ ಬಿಡುವಿಲ್ಲದವರು ನಾಟಕಗಳನ್ನು ನೋಡಬಹುದು. ಯುದ್ಧಾನಂತರದ ರಣಭೂಮಿಯನ್ನು ಚಿತ್ರಿಸುವ ಕುವೆಂಪು ಅವರ 'ಶ್ಮಶಾನ ಕುರುಕ್ಷೇತ್ರಂ', ಏಕಲವ್ಯನ ಕಥೆಯುಳ್ಳ 'ಬೆರಳ್‌ಗೆ ಕೊರಳ್', ಬಿ.ಎಂ.ಶ್ರೀ ಅವರು ಗ್ರೀಕ್ ರುದ್ರನಾಟಕದ ಜಾಡಿನಲ್ಲಿ ಬರೆದ 'ಅಶ್ವತ್ಥಾಮನ್', ಗಿರೀಶ ಕಾರ್ನಾಡರ 'ಯಯಾತಿ' ಮತ್ತು 'ಅಗ್ನಿ ಮತ್ತು ಮಳೆ' ಇವುಗಳಲ್ಲಿ ಪ್ರಮುಖವಾದವು. ನಹುಷನ ಕಥೆಯನ್ನು ಆಧರಿಸಿದ ದೇವುಡು ಅವರ 'ಮಹಾಕ್ಷತ್ರಿಯ' ಕಾದಂಬರಿಗೆ 1962ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ.

ಯುದ್ಧದ ನಂತರ ಏನಾಯಿತೆಂಬ ಕುತೂಹಲ ಇರುವವರಿಗೆ ಲಕ್ಷ್ಮೀಶನ 'ಜೈಮಿನಿ ಭಾರತ'. ಕಡೂರು ತಾಲ್ಲೂಕಿನ ದೇವನೂರಿನವನೆಂದು ಹೇಳಲಾಗುವ ಈ ಕವಿ ಧರ್ಮರಾಯನ ಅಶ್ವಮೇಧದ ಕುದುರೆಯ ಹಿಂದೆ ಓದುಗನನ್ನು ಕರೆದೊಯ್ಯುತ್ತಾನೆ. ಸುಧನ್ವ, ಚಂದ್ರಹಾಸ, ಬಭ್ರುವಾಹನರ ಕಥೆಗಳು ಬಿಡಿಯಾಗಿಯೂ ಓದಲು ಸೊಗಸು. ಡಾ. ರಾಜ್‌ಕುಮಾರ್ ಅಭಿನಯದ 1977ರ 'ಬಭ್ರುವಾಹನ' ಚಿತ್ರ ಮೆಚ್ಚಿದವರಿಗೆ ಇದು ಹತ್ತಿರದ ದಾರಿ.

ಯಾವುದು ಅಧಿಕೃತ?

ಒಂದು ಕೃತಿಯಿಂದ ಇನ್ನೊಂದಕ್ಕೆ ಹೋದಾಗ ವಿವರಗಳು ಹೊಂದದಿರುವುದು ಹೊಸಬರನ್ನು ಗೊಂದಲಕ್ಕೆ ಈಡುಮಾಡುತ್ತದೆ. ವ್ಯಾಸರಲ್ಲಿ ದ್ರೌಪದಿ ಐವರ ಪತ್ನಿ. ಪಂಪನಲ್ಲಿ ಅರ್ಜುನನೊಬ್ಬನ ಪತ್ನಿ. ಪಂಪನ ಕಾವ್ಯದ ಕೊನೆಯಲ್ಲಿ ಪಟ್ಟವಾಗುವುದು ಅರ್ಜುನನಿಗೆ. ರನ್ನನ ನಾಯಕ ಭೀಮ. ಕುಮಾರವ್ಯಾಸನಿಗೆ ಇದು ಕೃಷ್ಣನ ಕಥೆ. 'ಪರ್ವ'ದ ಕೃಷ್ಣ ಮನುಷ್ಯ. ಬೆಂಗಳೂರು, ಹೊಸಕೋಟೆ, ದೇವನಹಳ್ಳಿಗಳಲ್ಲಿ ನಡೆಯುವ ಕರಗ ಉತ್ಸವದ ಹಿಂದಿನ ಕಥೆಯಲ್ಲಿ ದ್ರೌಪದಿ ಆದಿಶಕ್ತಿ. ತಿಮಿರಾಸುರನನ್ನು ಎದುರಿಸಲು ವೀರಕುಮಾರರನ್ನು ಸೃಷ್ಟಿಸಿದವಳು. ಈ ಕಥೆ ವ್ಯಾಸರಲ್ಲೂ ಇಲ್ಲ, ಪಂಪನಲ್ಲೂ ಇಲ್ಲ. ಆದರೂ ಪ್ರತಿ ವರ್ಷ ಬೀದಿಯಲ್ಲಿ ಜೀವಂತವಾಗುತ್ತದೆ.

ಇವುಗಳಲ್ಲಿ ಸರಿ ಯಾವುದು, ತಪ್ಪು ಯಾವುದು ಎಂದು ತೀರ್ಪು ಕೊಡುವ ಅಗತ್ಯವಿಲ್ಲ. ಪ್ರತಿ ಕವಿಯೂ ತನ್ನ ಕಾಲಕ್ಕೆ, ತನ್ನ ಆಶ್ರಯದಾತನಿಗೆ, ತನ್ನ ನಂಬಿಕೆಗೆ ತಕ್ಕಂತೆ ಕಥೆಯನ್ನು ತಿದ್ದಿಕೊಂಡ. ಈ ವ್ಯತ್ಯಾಸಗಳನ್ನು ಒಂದು ನೋಟ್‌ಬುಕ್‌ನಲ್ಲಿ ಗುರುತಿಸಿಕೊಳ್ಳುತ್ತ ಹೋದರೆ ಪ್ರತಿಯೊಬ್ಬ ಲೇಖಕನ ಕಾಳಜಿ ಏನೆಂಬುದು ತಾನಾಗಿ ತೆರೆದುಕೊಳ್ಳುತ್ತದೆ.

ಯಾರಿಗೆ ಯಾವುದು?

* ಕಥೆಯೇ ಹೊಸತು ಎನ್ನುವವರು: 'ವಚನ ಭಾರತ', ಸಭಾಪರ್ವದ ದ್ಯೂತಪ್ರಸಂಗದಿಂದ.
* ಶಾಲೆಯಲ್ಲಿ ಕನ್ನಡ ಓದಿ, ಈಗ ಅಭ್ಯಾಸ ತಪ್ಪಿದವರು: ಕುಮಾರವ್ಯಾಸನ ವಿರಾಟಪರ್ವ, ಗಮಕದ ನೆರವಿನೊಂದಿಗೆ.
* ರಾಜಕೀಯ, ಸಂಧಾನ, ವಾದ-ಪ್ರತಿವಾದಗಳಲ್ಲಿ ಆಸಕ್ತಿ ಉಳ್ಳವರು: ಕುಮಾರವ್ಯಾಸನ ಉದ್ಯೋಗಪರ್ವ.
* ಹಳಗನ್ನಡ ಕಲಿಯಬಯಸುವವರು: ಮೊದಲು 'ಗದಾಯುದ್ಧ ನಾಟಕಂ', ನಂತರ ರನ್ನ, ಆಮೇಲೆ ಪಂಪ.
* ಕಾದಂಬರಿ ಪ್ರಿಯರು: 'ವಚನ ಭಾರತ'ದ ನಂತರ 'ಪರ್ವ'.
* ಬಿಡಿಕಥೆಗಳನ್ನು ಮೆಚ್ಚುವವರು, ಮಕ್ಕಳಿಗೆ ಓದಿ ಹೇಳುವವರು: 'ಜೈಮಿನಿ ಭಾರತ'ದ ಚಂದ್ರಹಾಸ, ಬಭ್ರುವಾಹನ ಪ್ರಸಂಗಗಳು.

ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ'ವನ್ನು ಆನೆ, ಕುದುರೆಗಳ ಸಹಿತ ರಂಗಕ್ಕೆ ತಂದು ಜನರನ್ನು ಬೆರಗುಗೊಳಿಸಿದ ಕಾಲ ಕಳೆದುಹೋಗಿದೆ. ಹಳ್ಳಿಯ ಬಯಲಿನಲ್ಲಿ ಆ ಹೆಸರಿನ ನಾಟಕ ಇಂದಿಗೂ ನಿಂತಿಲ್ಲ. ಬೆಂಗಳೂರಿನಿಂದ ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆಗೆ ಹೋಗುವವರ ಕಣ್ಣಿಗೆ ಅಂಥ ಪ್ರದರ್ಶನದ ಫಲಕ ಬಿದ್ದರೆ, ಹೋಗುವ ಮುನ್ನ ಉದ್ಯೋಗಪರ್ವದ ಸಂಧಾನದ ಭಾಗವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ನಡುರಾತ್ರಿಯ ಹೊತ್ತಿಗೆ ಕೃಷ್ಣ ಐದು ಊರು ಕೇಳುವಾಗ ಪಕ್ಕದಲ್ಲಿ ಕುಳಿತ ಹಿರಿಯರು ಯಾವ ಮಾತಿಗೆ ತಲೆದೂಗುತ್ತಾರೆ, ಯಾವ ಮಾತಿಗೆ ಮೌನವಾಗುತ್ತಾರೆ ಎಂಬುದನ್ನು ಗಮನಿಸಿದರೆ ಪುಸ್ತಕದ ಮುಂದಿನ ಪುಟಗಳನ್ನು ತಿರುವುವುದು ಕಷ್ಟವಾಗಲಾರದು.